ಬುಧವಾರದ ವಾಚ್ ಲವ್‌ಡೇಯದು

“ಅಮ್ಮಾ, ಲವ್‌ಡೇ ಅಜ್ಜಿಗೆ ನಾವಂದ್ರೆ ಆಗಲ್ವಾ? ಮಾತಾಡುವಾಗ ಒಂದ್ಸಲಾನೂ ನಮ್ಮ ಮುಖ ನೋಡಲ್ಲ.”

ಮಂಗಳವಾರ ಸಂಜೆ ಮೆರಿನ್ ಹೀಗೆ ಕೇಳಿದಾಗ ನಾನು ಅವಳ ಬೂಟಿನೊಳಗಿನ ಮರಳನ್ನು ಹಳೆಯ ಪತ್ರಿಕೆಯ ಮೇಲೆ ಕೊಡವುತ್ತಿದ್ದೆ. ಐದು ವರ್ಷದ ಮಗುವಿಗೆ ಯಾರಾದರೂ ತನ್ನ ಮುಖ ನೋಡದಿದ್ದರೆ ಅದೇನು ಸಣ್ಣ ವಿಷಯವಲ್ಲ.

“ಅವರು ವಾಚ್‌ನಲ್ಲಿ ಇರ್ತಾರಲ್ಲ ಪುಟ್ಟಿ, ಅದಕ್ಕೆ,” ಎಂದೆ.

“ವಾಚ್ ಕೈಯಲ್ಲಿರತ್ತೆ. ವಾಚ್ ಒಳಗೆ ಅಜ್ಜಿ ಹೆಂಗಿರ್ತಾರೆ?”

ಆಲೂಗಡ್ಡೆ ಸುಲಿಯುತ್ತಿದ್ದ ನನ್ನ ಗಂಡ ಜೇಗೋ ನಕ್ಕುಬಿಟ್ಟ. “ಲವ್‌ಡೇ ಹುಟ್ಟಿದಾಗಿಂದ ಅದರೊಳಗೇ ಇದಾಳೆ ಬಿಡು. ಆಚೆ ಬಂದಿದ್ದನ್ನ ನಾನಂತೂ ಕಂಡಿಲ್ಲ.”

ಮಗುವಿಗೆ ಅರ್ಥವಾಗಲಿಲ್ಲ. ಅವಳನ್ನು ಮಲಗಿಸಿ ಬಂದು ಡೈರಿ ತೆರೆದಾಗ ಆ ಪ್ರಶ್ನೆಯೇ ಮುಂದೆ ನಿಂತಿತ್ತು. ನಾನು ಕಡಲಂಚಿನ ಈ ಪೋರ್ತ್‌ಕ್ಯಾರೋಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ನನ್ನ ಹುಟ್ಟೂರಿನಲ್ಲಿ ವಾಚು ಎಂದರೆ ಮದುವೆಯಲ್ಲಿ ಅಳಿಯನ ಕೈಗೆ ಕಟ್ಟುವುದು, ತಪ್ಪಿದರೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ವಾಚ್‌ಮನ್ನು. ಅಷ್ಟಕ್ಕೇ ಮುಗಿಯಿತು. ಈ ಊರಿನಲ್ಲಿ ಆ ಒಂದು ಮಾತನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತಾರೆ. ಕಟುಕನ ಅಂಗಡಿಯ ಮುಂದೆ ತಳ್ಳುಗಾಡಿಯಲ್ಲಿ ಮಗುವನ್ನು ಬಿಟ್ಟು “ಎರಡು ನಿಮಿಷ ವಾಚ್ ಮಾಡ್ತಿರು” ಎಂದು ಒಳಗೆ ಹೋಗುತ್ತಾರೆ. ಪಾಚಿ ಹಿಡಿದ ಮೆಟ್ಟಿಲ ಹತ್ತಿರ “ವಾಚ್” ಎಂದು ಕಿರುಚಿದರೆ ಜಾರೀಯೆ, ಹುಷಾರು ಎಂದು. ಟೀವಿಯಲ್ಲಿ ರಗ್ಬಿ ನೋಡುವುದೂ ಅದೇ. ಜೇಗೋ ಜನವರಿಯಲ್ಲಿ ತೂಕ ವಾಚ್ ಮಾಡ್ತೀನಿ ಎಂದು ಹೊಟ್ಟೆ ಕರಗಿಸಲು ಹೊರಟು ಫೆಬ್ರವರಿಯಲ್ಲಿ ಕೈಬಿಡುವುದೂ ಅದೇ. ಮಕ್ಕಳು ಜಗಳವಾಡಿ “ತಾಳು, ನಿನ್ನ ನೋಡ್ಕೋತೀನಿ” ಎಂದು ಬೆದರಿಸುವಾಗಲೂ ಅದೇ ಮಾತು. ಹಡಗಿನಲ್ಲಿ ನಾಲ್ಕು ಗಂಟೆಯ ಪಾಳಿಯ ಹೆಸರು ವಾಚ್, ಆ ಪಾಳಿಯಲ್ಲಿರುವ ಆಳುಗಳಿಗೆಲ್ಲ ಸೇರಿ ಹೆಸರು ಕೂಡ ವಾಚ್. ಹಿಂದಿನ ಕಾಲದಲ್ಲಿ ಹೆಣ ಮಣ್ಣು ಸೇರುವ ತನಕ ಅದರ ಪಕ್ಕ ಹೆಂಗಸರು ಸರದಿಯ ಮೇಲೆ ಕೂರುತ್ತಿದ್ದರಲ್ಲ, ಅದನ್ನೂ ವಾಚ್ ಎಂದೇ ಕರೆಯುತ್ತಿದ್ದರೆಂದು ಲವ್‌ಡೇಯೇ ಒಮ್ಮೆ ಹೇಳಿದ್ದಳು. ತೊಟ್ಟಿಲ ಬಳಿಯೂ ಹೆಣದ ಬಳಿಯೂ ಒಂದೇ ಮಾತು. ನಮ್ಮ ‘ನೋಡು’ ಇದರ ಜೊತೆ ಬಹಳ ದೂರ ನಡೆದು ಬರುತ್ತದೆ: ನೋಡ್ಕೋ, ನೋಡ್ಕೋತೀನಿ, ನೋಡ್ತಿರು. ಆಮೇಲೆ ಅದಕ್ಕೆ ಸುಸ್ತಾದಲ್ಲಿ ‘ಕಾಯು’ ಬಂದು ಕೈ ಹಿಡಿಯಬೇಕು.

ಲವ್‌ಡೇ ಹೋಸ್ಕೆನ್‌ಗೆ ಅರವತ್ತೆಂಟು. ದೋಣಿ ಎಳೆಯುವ ಇಳಿಜಾರಿನ ಮೇಲಿನ ಮೂರನೆಯ ಮನೆಯಲ್ಲಿ ಹುಟ್ಟಿದವಳು, ಈಗಲೂ ಅಲ್ಲೇ ಇದ್ದಾಳೆ. ಅವಳಿಗೆ ಏಳು ವರ್ಷವಾದಾಗ ತಾಯಿ ಮೀನಿಗೆ ಉಪ್ಪು ಹಾಕುವ ಕೆಲಸಕ್ಕೆ ಹೋಗತೊಡಗಿದಳು. ಬಾಗಿಲು ದಾಟುವಾಗ ದಿನಾ ಒಂದೇ ಅಪ್ಪಣೆ: “ಡೆನ್ಝಿಲ್‌ನ ವಾಚ್ ಮಾಡ್ತಿರು.” ಡೆನ್ಝಿಲ್ ಎಂದರೆ ಎರಡು ವರ್ಷದ ತಮ್ಮ, ಕಣ್ಣು ಪಿಳುಕಿಸುವಷ್ಟರಲ್ಲಿ ನೀರಿಗಿಳಿಯುವ ಪೈಕಿ. “ಅಮ್ಮ ಸತ್ತು ನಲವತ್ತು ವರ್ಷ ಆಯ್ತು ಕಣೇ,” ಎಂದು ಲವ್‌ಡೇ ನನ್ನ ಹತ್ತಿರ ಹೇಳಿದ್ದಳು, “ಸಾಯುವಾಗಲೂ ಸಾಕು ಬಿಡು ಅಂತ ಹೇಳಿ ಹೋಗಲಿಲ್ಲ ಅವಳು.”

ಗಂಡ ಸಿರಿಲ್ ಸರಕು ಹಡಗಿನಲ್ಲಿದ್ದ. ರಜೆಗೆ ಬಂದಾಗಲೂ ಮಧ್ಯೆ ಮಧ್ಯೆ ಎದ್ದು ತನ್ನ ಪಾಳಿಗೆ ಹೊರಡುವವನಂತೆ ಬೂಟು ಹುಡುಕುತ್ತಿದ್ದನಂತೆ. “ಮದುವೆಯಾದ ಮೊದಲ ವರ್ಷ ನಾನು ಗಂಡನ ಜೊತೆ ಸಂಸಾರ ಮಾಡಲಿಲ್ಲ, ಹಡಗಿನ ಗಂಟೆ ಜೊತೆ ಮಾಡಿದೆ,” ಎನ್ನುತ್ತಾಳೆ. ಅವನು ತೀರಿಹೋದ. ಮಕ್ಕಳಿಲ್ಲ. ಶಾಲೆಯ ಮುಂದಿನ ತಿರುವಿನಲ್ಲಿ ಹಳದಿ ಕೋಟು ತೊಟ್ಟು, ಉದ್ದನೆಯ ಕೋಲಿನ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಮೂವತ್ತೊಂದು ವರ್ಷ ಮಾಡಿದಳು. ಜೇಗೋ ದಾಟಿದ್ದೂ ಅವಳ ಕೋಲಿನ ಅಡಿಯಲ್ಲೇ. ಒಂದು ಮಗುವಿಗೂ ಗೀರು ಬಿದ್ದಿಲ್ಲ ಎಂಬುದನ್ನು ಅವಳು ಹೆಮ್ಮೆಯಿಂದ ಹೇಳುವುದಿಲ್ಲ. ಒಲೆ ಆರಿಸಿದ್ದೀನಿ ಎನ್ನುವ ಧಾಟಿಯಲ್ಲಿ ಹೇಳುತ್ತಾಳೆ.

ನಿವೃತ್ತಿಯಾದ ಮೇಲೆ ಬಂಡೆಯ ತುದಿಯ ಕಾವಲುಮನೆ, ಕಡಲಲ್ಲಿ ಹೋಗುವ ದೋಣಿಗಳ ಮೇಲೆ ಕಣ್ಣಿಡುವ ಜಾಗ. ಎಂದೋ ಮುಚ್ಚಿಹೋಗಿದ್ದ ಅದನ್ನು ಊರವರೇ ಬಣ್ಣ ಬಳಿದು ತೆರೆದರು. ಸಂಬಳವಿಲ್ಲ. ವಾರಕ್ಕೊಂದು ಪಾಳಿ, ಹನ್ನೆರಡರಿಂದ ನಾಲ್ಕು. ಒಂಬತ್ತು ವರ್ಷದಿಂದ ಬುಧವಾರ ಲವ್‌ಡೇಯದು. ಒಳಗೆ ಕೆಲವು ಕಟ್ಟುಪಾಡುಗಳಿವೆ. ಪಾಳಿಗೆ ಇಬ್ಬರಿರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ದುರ್ಬೀನನ್ನು ಎಡದಿಂದ ಬಲಕ್ಕೆ, ಹತ್ತಿರದಿಂದ ದೂರಕ್ಕೆ, ಹೊಲ ಉಳುವ ಹಾಗೆ ಸಾಲು ಸಾಲಾಗಿ ಹಾಯಿಸಬೇಕು. ಕಂಡದ್ದನ್ನೆಲ್ಲ ಗಂಟೆ ಸಮೇತ ದಪ್ಪ ಪುಸ್ತಕದಲ್ಲಿ ಶಾಯಿಯಲ್ಲಿ ಬರೆಯಬೇಕು. ಹಾಳೆ ಹರಿಯುವಂತಿಲ್ಲ, ಕೆರೆಯುವಂತಿಲ್ಲ. ತಪ್ಪು ಬರೆದರೆ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸಹಿ. ಮಾತಾಡಲು ಬಂದವರ ಮುಖ ನೋಡುವುದು ನಿಷಿದ್ಧವೇನಲ್ಲ, ಆದರೆ ಲವ್‌ಡೇ ನೋಡುವುದಿಲ್ಲ. ಕಿಟಕಿಗೆ ಮುಖ ಮಾಡಿಯೇ ನಗುತ್ತಾಳೆ, ಬೈಯುತ್ತಾಳೆ, ಬನ್ನು ತಿನ್ನುತ್ತಾಳೆ.

ಈ ಬುಧವಾರ ಅವಳ ಜೊತೆಗಾರ ಪಾಸ್ಕೊ ಹಲ್ಲು ಕೀಳಿಸಲು ಹೋಗಿದ್ದ. ಕಾವಲುಮನೆಯ ಮೇಲ್ವಿಚಾರಣೆಯೂ ಅವನದೇ. ಬದಲಿಗೆ ಯಾರೂ ಸಿಕ್ಕಿರಲಿಲ್ಲ, ಲವ್‌ಡೇ ಒಬ್ಬಳೇ ಕೂತಿದ್ದಳು. ನನಗೆ ಔಷಧಿ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಒಂದೂವರೆಗೆ ಮುಗಿಸಿ, ಫ್ಲಾಸ್ಕಿನಲ್ಲಿ ಕ್ಯಾರೆಟ್ ಸಾರು, ಕಾಗದದಲ್ಲಿ ಎರಡು ಕೇಸರಿ ಬನ್ನು ಸುತ್ತಿಕೊಂಡು, ಮೆರಿನ್‌ಳನ್ನು ಕರೆದುಕೊಂಡು ಬಂಡೆ ಹತ್ತಿದೆ. ಅಜ್ಜಿ ಯಾಕೆ ಮುಖ ನೋಡುವುದಿಲ್ಲ ಎಂಬುದನ್ನು ಮಗು ಸ್ವತಃ ಕಂಡುಕೊಳ್ಳಲಿ ಎಂದಿತ್ತು ನನ್ನ ಲೆಕ್ಕ.

“ಬಂದ್ಯಾ ಹುಡುಗಿ? ಸಾರಿಗೆ ಮೆಣಸು ಹಾಕಿದ್ದೀಯೋ, ಇಲ್ಲ ನನ್ನ ಹಲ್ಲೂ ಪಾಸ್ಕೊ ಹಲ್ಲಿನ ಥರಾ ಅಂದ್ಕೊಂಡ್ಯೋ?” ಎಂದಳು ಕಿಟಕಿಗೆ.

“ಹಾಕಿದ್ದೀನಿ. ಕಣ್ಣಲ್ಲಿ ನೀರು ಬರುತ್ತೆ.”

“ಕಣ್ಣು ಬೇಕು ನಂಗೆ. ಆಮೇಲೆ ಕುಡೀತೀನಿ.”

ಮೆರಿನ್ ಮೇಜಿನ ಕೆಳಗೆ ಕೂತು ಚಿತ್ರ ಬರೆಯತೊಡಗಿದಳು. ಬಿಸಿಲಿತ್ತು, ಆದರೆ ಮೇ ತಿಂಗಳ ಬಿಸಿಲು, ನೀರನ್ನು ಮುಟ್ಟದ್ದು. ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿತ್ತು. ಲವ್‌ಡೇ ದುರ್ಬೀನನ್ನು ಸಾಲು ಸಾಲಾಗಿ ಹಾಯಿಸಿದಳು. ಕಪ್ಪುಬಂಡೆಗಳ ಆಚೆ ಒಂದು ನೀಲಿ ದೋಣಿ ತಿರುಗುತ್ತಿತ್ತು.

“ನಮ್ಮ ಡೆನ್ಝಿಲ್. ಏಡಿ ಬುಟ್ಟಿ ಎಳೀತಿದಾನೆ.” ಗೋಡೆಯ ಗಡಿಯಾರ ನೋಡಿ ಬರೆದಳು. ಎರಡು ಗಂಟೆ ಹತ್ತು ನಿಮಿಷ. ನೀಲಿ ದೋಣಿ, ಡಿ., ಬುಟ್ಟಿ ಕೆಲಸ, ಎಲ್ಲ ಸರಿ.

ನಾನೂ ನೋಡಿದೆ. ಬುಟ್ಟಿ ಎಳೆಯುವವರು ಗುರುತಿಗೆಂದು ಬುಟ್ಟಿಯ ಹಗ್ಗಕ್ಕೆ ಕಟ್ಟಿ ತೇಲಬಿಟ್ಟ ಬೆಂಡಿನ ಸುತ್ತ ದೋಣಿ ತಿರುಗಿಸುವುದು ಇಲ್ಲಿ ಯಾರಿಗೂ ಹೊಸದಲ್ಲ. ಡೆನ್ಝಿಲ್‌ಗಂತೂ ಒಂದು ಸಾಲು ಮುಗಿದ ಮೇಲೆ ಚುಕ್ಕಾಣಿಯನ್ನು ಮಂಡಿಗೆ ಒತ್ತಿಕೊಂಡು, ದೋಣಿಯನ್ನು ಅದರ ಪಾಡಿಗೆ ಸುತ್ತಲು ಬಿಟ್ಟು, ಚಹಾ ಕುಡಿಯುವ ಚಾಳಿ. ಊರಿಗೆಲ್ಲ ಗೊತ್ತು. ಹೊರಗಿನಿಂದ ಬಂದ ಪ್ರವಾಸಿಯೊಬ್ಬ ಕಂಡಿದ್ದರೆ ‘ಅದೇಕೆ ಆ ದೋಣಿ ಹಾಗೆ ಸುತ್ತುತ್ತಿದೆ?’ ಎಂದಾದರೂ ಕೇಳುತ್ತಿದ್ದ. ನಾವು ಕೇಳಲಿಲ್ಲ.

“ಲೈಫ್ ಜಾಕೆಟ್ ಹಾಕ್ಕೊಂಡಿದಾನಂತಾ?” ಎಂದೆ ನಾನು.

“ಹಾಕ್ದೆ ಏನ್ ಮಾಡ್ತಾನೆ? ಹಾಕ್ಕೊಳ್ಳೋ ತನಕ ಭಾನುವಾರದ ಊಟ ಇಲ್ಲ ಅಂದಿದ್ದೀನಿ. ಅರವತ್ಮೂರು ವರ್ಷದ ಗಂಡಸು, ನಾನೇನು ಕಂದನಾ ಅಂತ ಎಗರಾಡ್ದ. ಹೂಂ, ಕಂದನೇ ಅಂದೆ.”

ನಾವು ನಕ್ಕೆವು. ದೂರದಲ್ಲಿ ಹಾಯಿದೋಣಿಯೊಂದು ಹೋಯಿತು, ಅದನ್ನು ಬರೆದಳು. ಅಂಚಿನ ಕಾಲುದಾರಿಯಲ್ಲಿ ನಾಯಿ ಜೊತೆ ಇಬ್ಬರು ಹೋದರು, ಅದನ್ನೂ ಬರೆದಳು. ನಾನು ಮೆರಿನ್‌ಗೆ ಅರ್ಧ ಬನ್ನು ಕೊಟ್ಟೆ. ಮತ್ತೆ ದುರ್ಬೀನು ಎಡದಿಂದ ಹೊರಟು ಬಲಕ್ಕೆ ಬರುತ್ತಾ ಕಪ್ಪುಬಂಡೆಯ ಹತ್ತಿರ ನಿಂತುಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ.

“ಬುಟ್ಟಿ ಒಂದೂ ಮೇಲೆ ಬಂದಿಲ್ಲ,” ಎಂದಳು.

ಅವಳ ದನಿ ಬದಲಾಗಿರಲಿಲ್ಲ. ಬೆನ್ನು ಬದಲಾಗಿತ್ತು.

“ಅದೇ ಸುತ್ತು. ಅದೇ ಜಾಗ. ಹೆಚ್ಚಿಲ್ಲ ಕಮ್ಮಿಯಿಲ್ಲ.” ಒಂದು ಉಸಿರು. “ದೋಣೀಲಿ ಆಳಿಲ್ಲ ಕಣೇ.”

ಎರಡು ಗಂಟೆ ಮೂವತ್ತೊಂದು. ಅವಳು ಫೋನೆತ್ತಿ ಕರಾವಳಿ ರಕ್ಷಣೆಯವರಿಗೆ ಹೇಳಿದ್ದು ನಾಲ್ಕೇ ವಾಕ್ಯ. ದೋಣಿಯ ಹೆಸರು ಹೇಳಿದಳು, ತಮ್ಮ ಎನ್ನಲಿಲ್ಲ. ಮೆರಿನ್ ಮೇಜಿನ ಕೆಳಗಿನಿಂದ ಏನೋ ಕೇಳಿದಳು, ನಾನು ಶ್ ಎಂದೆ. ಮೇ ತಿಂಗಳ ನೀರಿನಲ್ಲಿ ಮನುಷ್ಯನಿಗೆ ಎಷ್ಟು ಹೊತ್ತು ಎಂಬುದು ಈ ಊರಿನ ಮಕ್ಕಳಿಗೂ ಗೊತ್ತು. ಮೊದಲು ಬೆರಳು ಹೋಗುತ್ತದೆ, ಆಮೇಲೆ ತೋಳು, ಆಮೇಲೆ ಬುದ್ಧಿ. ಲೈಫ್ ಜಾಕೆಟ್ ತಲೆಯನ್ನು ಮೇಲಿಟ್ಟೀತು, ಬೆಚ್ಚಗಿಡುವುದಿಲ್ಲ. ಕಡಲು ಇಳಿಯುವ ಹೊತ್ತು ಬೇರೆ. ಅವನು ಬಿದ್ದಲ್ಲೇ ಇರುವುದಿಲ್ಲ.

ಲವ್‌ಡೇ ದುರ್ಬೀನು ಹಾಯಿಸುತ್ತಲೇ ಇದ್ದಳು. ಅವಸರ ಮಾಡಲಿಲ್ಲ. ಅದನ್ನು ನೋಡುತ್ತಾ ನನಗೆ ಅವಳ ಕೈಯಿಂದ ಕಿತ್ತುಕೊಳ್ಳಬೇಕೆನಿಸಿತು. ಒಂದು ಸಾಲು, ಇನ್ನೊಂದು ಸಾಲು, ಮತ್ತೊಂದು.

“ಬೆಂಡು ಎಷ್ಟು ಕಾಣ್ತಿದೆ ನಿಂಗೆ? ಬಂಡೆ ಬಲಕ್ಕೆ. ಕಿತ್ತಳೆ ಬಣ್ಣದ್ದು. ಎಣಿಸು.”

ಎಣಿಸಿದೆ. “ಎಂಟು.”

“ಅವನ ಸಾಲಿಗೆ ಏಳೇ ಬೆಂಡು.”

ಎಂಟನೆಯದು ಉಳಿದವಕ್ಕಿಂತ ಸ್ವಲ್ಪ ಪಕ್ಕಕ್ಕಿತ್ತು. ಅಲೆ ಬಂದಾಗ ಉಳಿದವು ಕುಣಿಯುತ್ತಿದ್ದವು, ಇದು ಮೆಲ್ಲಗೆ ಏಳುತ್ತಿತ್ತು, ಭಾರವಿದ್ದಂತೆ. ಬರಿಗಣ್ಣಿಗೆ ಒಂದು ಕಾಳಿನಷ್ಟು. ಒಮ್ಮೆ ಕಣ್ಣು ಬಿಟ್ಟರೆ ಎಂಟರಲ್ಲಿ ಯಾವುದು ಎಂದು ಮತ್ತೆ ಹುಡುಕಬೇಕು, ಅಷ್ಟರಲ್ಲಿ ಅದು ಸಾಲಿನೊಳಗೆ ಸೇರಿಹೋಗಿರುತ್ತದೆ, ಇಲ್ಲವೆ ಬಂಡೆಯ ಆಚೆ.

“ಇಲ್ಲಿ ಬಾ,” ಎಂದು ಲವ್‌ಡೇ ನನ್ನನ್ನು ಭುಜ ಹಿಡಿದು ಕಿಟಕಿಗೆ ನಿಲ್ಲಿಸಿದಳು. “ಕೈ ನೀಡು. ಬೆರಳು ಅವನ ಮೇಲೆ. ಹಾಂ. ಇನ್ನು ಕೈ ಇಳಿಸಬೇಡ, ಕಣ್ಣು ತೆಗೀಬೇಡ. ನನಗೆ ವೈರ್‌ಲೆಸ್ ಹಿಡೀಬೇಕು, ದಿಕ್ಕು ಅಳೀಬೇಕು, ಅವರಿಗೆ ಹೇಳ್ಬೇಕು. ಮೂರು ಕೈ ಇಲ್ಲ ನಂಗೆ. ಏನೇ ಆದ್ರೂ ತಿರುಗಬೇಡ. ಛಾವಣಿ ಬಿದ್ರೂ ತಿರುಗಬೇಡ. ತಿಳೀತಾ?”

“ತಿಳೀತು.”

ಒಬ್ಬರು ಬೆರಳು ತೋರಿಸುತ್ತಾ ನಿಲ್ಲುವುದು, ಬೇರೆ ಯಾವ ಕೆಲಸಕ್ಕೂ ಅವರನ್ನು ಕರೆಯದಿರುವುದು: ಹಡಗಿನಿಂದ ಆಳು ಬಿದ್ದಾಗ ಮಾಡುವ ಪದ್ಧತಿ. ಕೇಳಿದ್ದೆ. ಅದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಎರಡನೆಯ ನಿಮಿಷಕ್ಕೆ ತೋಳು ಕಲ್ಲಾಯಿತು. ಕಣ್ಣಲ್ಲಿ ನೀರು ತುಂಬಿ ಎಂಟು ಬೆಂಡು ಹದಿನಾರಾದವು. ಪಿಳುಕಿಸಲು ಭಯ. ಒಂದೊಂದೇ ಕಣ್ಣು ಪಿಳುಕಿಸಿದೆ.

ಹಿಂದೆ ಲವ್‌ಡೇ ಮಾತಾಡುತ್ತಿದ್ದಳು. ದಿಕ್ಕು ಇಷ್ಟು, ದೂರ ಇಷ್ಟು, ಖಾಲಿ ದೋಣಿ ಸುತ್ತುತ್ತಿದೆ, ಹತ್ತಿರ ಹೋಗುವಾಗ ಅದರ ಯಂತ್ರದ ಬಗ್ಗೆ ಎಚ್ಚರ. ಗರಗರ ಎನ್ನುವ ಉತ್ತರ. ರಕ್ಷಣಾ ದೋಣಿ ಬಂದರಿನಿಂದ ಹೊರಟಿತ್ತು.

ಆಗ ಕಾವಲುಮನೆಯ ಬಾಗಿಲು ದಢಾರೆಂದಿತು.

ಗಾಳಿಗೋ, ಯಾರಾದರೂ ತೆರೆದರೋ. ಮೇಜಿನ ಕೆಳಗೆ ಬಣ್ಣದ ಕಡ್ಡಿ ಉಜ್ಜುವ ಸದ್ದು ಎಷ್ಟು ಹೊತ್ತಿನಿಂದ ನಿಂತಿತ್ತು? ಬಾಗಿಲಿನಿಂದ ಹನ್ನೆರಡು ಹೆಜ್ಜೆಗೆ ಹುಲ್ಲು ಮುಗಿದು ಬಂಡೆ ನೇರ ಕಡಲಿಗಿಳಿಯುತ್ತದೆ. ಅಲ್ಲಿ ಬೇಲಿಯಿಲ್ಲ, ಒಂದು ಎಚ್ಚರಿಕೆಯ ಫಲಕ ಇದೆ. ಮೆರಿನ್‌ಗೆ ಓದಲು ಬರುವುದಿಲ್ಲ.

“ಮೆರಿನ್,” ಎಂದೆ.

ಉತ್ತರವಿಲ್ಲ.

“ಮೆರಿನ್!”

“ತಿರುಗಬೇಡ,” ಎಂದಳು ಲವ್‌ಡೇ. “ಮಗೂನ ನಾನು ನೋಡ್ಕೋತಿದೀನಿ.”

“ಎಲ್ಲಿದಾಳೆ?”

“ನಾನು ನೋಡ್ಕೋತಿದೀನಿ ಅಂದೆ. ನೀನು ಅವನನ್ನ ನೋಡು.”

ಹೆತ್ತವಳಿಗೆ ತಿರುಗಿ ನೋಡಬೇಡ ಎಂದರೆ ಏನೆಂದು ಹೇಳಲಿ. ಅವಳ ಮಾತನ್ನು ನಂಬಬೇಕಿತ್ತು. ಆದರೆ ಅರ್ಧ ಗಂಟೆಯ ಹಿಂದೆ ಇದೇ ಹೆಂಗಸು ‘ಎಲ್ಲ ಸರಿ’ ಎಂದು ಬರೆದದ್ದನ್ನು ನಾನು ನೋಡಿದ್ದೆ. ಅವಳು ಒಂದು ಕೈಯಲ್ಲಿ ವೈರ್‌ಲೆಸ್ ಹಿಡಿದಿದ್ದಾಳೆ, ಕಿವಿಯೆಲ್ಲ ಅಲ್ಲಿದೆ, ತಮ್ಮ ಕಡಲಲ್ಲಿದ್ದಾನೆ. ಅವಳು ನೋಡುತ್ತಿರುವುದು ನಿಜವಾಗಿ ಮೆರಿನ್‌ಳನ್ನೇ? ಅಥವಾ ಇಲ್ಲೇ ಎಲ್ಲೋ ಇದ್ದಾಳೆಂದು ಅವಳಿಗೆ ಗೊತ್ತಿದೆಯಷ್ಟೆಯೇ?

ತಿರುಗಲು ಅರ್ಧ ಸೆಕೆಂಡು ಸಾಕು. ಆ ಅರ್ಧ ಸೆಕೆಂಡಿನಲ್ಲಿ ಕಾಳು ಕಳೆದುಹೋಗುತ್ತದೆ. ಅಲ್ಲಿ ಒಬ್ಬ ಗಂಡಸು ಬೆರಳುಗಳ ಲೆಕ್ಕ ಮರೆಯುತ್ತಿದ್ದಾನೆ, ಪ್ರತಿ ಈಸ್ಟರ್‌ಗೂ ನಮ್ಮ ಮನೆಗೆ ಒಂದು ಏಡಿ ತಂದು ಬಾಗಿಲ ಮುಂದೆ ಬಕೆಟ್ಟಿನಲ್ಲಿಟ್ಟು, ಹೇಳದೆ ಹೋಗುವ ಗಂಡಸು. ನನ್ನ ಕಾಲು ತಾನಾಗಿ ತಿರುಗತೊಡಗಿತ್ತು. ಸೊಂಟದ ತನಕ ತಿರುಗಿತು. ಕುತ್ತಿಗೆಯನ್ನು ಹಿಡಿದು ನಿಲ್ಲಿಸಿದೆ. ಹಲ್ಲು ಕಚ್ಚಿ ಹತ್ತರ ಮಗ್ಗಿಯಂತೆ ಮಗಳ ಹೆಸರು ಹೇಳುತ್ತಾ ಬೆರಳನ್ನು ಕಾಳಿನ ಮೇಲಿಟ್ಟೆ.

“ಎಡಕ್ಕೆ ಸರಿದಿದಾನೆ,” ಎಂದೆ.

“ಎಷ್ಟು?”

“ಬೆಂಡಿನಿಂದ ಎರಡು ದೋಣಿಯಷ್ಟು.”

ಅವಳು ಅದನ್ನೇ ವೈರ್‌ಲೆಸ್ಸಿಗೆ ಹೇಳಿದಳು.

ರಕ್ಷಣಾ ದೋಣಿ ಮೂಲೆ ತಿರುಗಿ ಬಂತು. ಬಂದದ್ದು ನೀಲಿ ದೋಣಿಯ ಕಡೆಗೇ. ನೀರಿನ ಮಟ್ಟದಲ್ಲಿ ಇರುವವರಿಗೆ ತಲೆ ಕಾಣುವುದಿಲ್ಲ. “ಬಲಕ್ಕೆ,” ಎಂದೆ. “ಇನ್ನೂ ಬಲಕ್ಕೆ. ದಾಟಿಹೋದರು, ದಾಟಿಹೋದರು!” ಲವ್‌ಡೇ ನನ್ನ ಮಾತನ್ನು ಗದ್ದಲ ತೆಗೆದು, ಅಂಕಿಗಳಾಗಿ ಮಾಡಿ ಅವರಿಗೆ ಕೊಡುತ್ತಿದ್ದಳು. ದೋಣಿ ನಿಂತಿತು, ಹಿಂದಕ್ಕೆ ಬಂತು. ನನ್ನ ಬೆರಳಿನ ತುದಿಯಲ್ಲಿ ಕಾಳು ಮುಳುಗಿತು. ಇಲ್ಲ. ಎದ್ದಿತು. ಕಿತ್ತಳೆ ಬಣ್ಣದ ದೋಣಿ ಅದರ ಮೇಲೆ ಬಂದು ಅದನ್ನು ಮುಚ್ಚಿತು. ಇಬ್ಬರು ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು.

“ಹಿಡಿದ್ವಿ,” ಎಂದಿತು ವೈರ್‌ಲೆಸ್.

ಎರಡು ಐವತ್ತೆಂಟು. ನಾನು ತಿರುಗಿದೆ.

ಲವ್‌ಡೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಎಡಗೈ ಮುಷ್ಟಿಯಲ್ಲಿ ಮೆರಿನ್‌ಳ ಡಂಗ್ರಿಯ ಬೆನ್ನಿನ ಪಟ್ಟಿ. ಬೆಕ್ಕು ಮರಿಯನ್ನು ಹಿಡಿದ ಹಾಗೆ. ಮೆರಿನ್ ಬಾಯ್ತುಂಬ ಬನ್ನು ತುಂಬಿಕೊಂಡು ನಿಂತಿದ್ದಳು, ಅದಕ್ಕೇ ಉತ್ತರ ಬಂದಿರಲಿಲ್ಲ. ಎರಡನೆಯ ಬನ್ನನ್ನೂ ಮುಗಿಸಿದ್ದಳು.

“ಅಜ್ಜಿ ನನ್ನ ಎಳೆದ್ರು,” ಎಂದು ದೂರು ಹೇಳಿದಳು.

ನಾನು ನೆಲದಲ್ಲೇ ಕೂತು ಅವಳನ್ನು ತಬ್ಬಿಕೊಂಡೆ. ಬಲತೋಳು ಬಾಗಲಿಲ್ಲ, ಒಂದೇ ಕೈಯಲ್ಲಿ ತಬ್ಬಿದೆ. ಲವ್‌ಡೇ ಆಗಲೇ ಕಿಟಕಿಗೆ ಹೋಗಿದ್ದಳು.

ಮೂರೂ ಇಪ್ಪತ್ತಕ್ಕೆ ಸುದ್ದಿ ಬಂತು. ಬುಟ್ಟಿಯ ಹಗ್ಗ ಕಾಲಿಗೆ ಸುತ್ತಿ ಎಳೆದುಕೊಂಡಿತ್ತಂತೆ. ನೀರಿನೊಳಗೆ ಚಾಕುವಿನಿಂದ ಕೊಯ್ದುಕೊಂಡು ಮೇಲೆ ಬಂದಿದ್ದ. ಆಸ್ಪತ್ರೆಗೆ ಒಯ್ಯುತ್ತಿದ್ದಾರೆ. ತಣ್ಣಗಾಗಿದ್ದಾನೆ, ಆದರೆ ಮಾತಾಡುತ್ತಿದ್ದಾನೆ.

“ಏನಂತ?” ಎಂದಳು ಲವ್‌ಡೇ.

ಆ ಕಡೆಯವನು ಹೇಳಿದ: “ಹೆಂಗಸರ ಮುಂದೆ ಹೇಳೋ ಹಾಗಿಲ್ಲ.”

“ಹಾಗಾದ್ರೆ ಅವನೇ,” ಎಂದಳು. ವೈರ್‌ಲೆಸ್ ಇಟ್ಟಳು. ನಾನು ಸಾರು ಬಗ್ಗಿಸಿ ಕೊಟ್ಟೆ. ಅರ್ಧ ಅವಳ ಕೈಯಿಂದ ಮೇಜಿನ ಮೇಲೆ ಚೆಲ್ಲಿತು, ಸ್ಕಾರ್ಫಿನಲ್ಲಿ ಒರೆಸಿದೆ.

ಪಾಸ್ಕೊ ಏದುಸಿರು ಬಿಡುತ್ತಾ ಬಂಡೆ ಹತ್ತಿ ಬಂದ. ಒಂದು ಕೆನ್ನೆ ಊದಿ, ಅರ್ಧ ಬಾಯಿ ಮರಗಟ್ಟಿತ್ತು. “ಊರೆಲ್ಲ ಹೇಳ್ತಿದೆ, ಲವ್‌ಡೇ! ತಮ್ಮನನ್ನ ಉಳಿಸಿಕೊಂಡ್ಯಂತೆ!” ಎಂದು ಅರ್ಧ ಬಾಯಲ್ಲೇ ಕೂಗಿದ. ಅವಳ ಹೆಗಲು ತಟ್ಟಿ, ನನ್ನ ತೋಳು ಹಿಡಿದು ಕುಲುಕಿದ, ನನಗೆ ಪ್ರಾಣ ಹೋಯಿತು. ಆಮೇಲೆ ಪುಸ್ತಕ ಎಳೆದುಕೊಂಡು ಓದಿದ.

“ಎರಡೂ ಹತ್ತಕ್ಕೆ ಎಲ್ಲ ಸರಿ. ಎರಡೂ ಮೂವತ್ತೊಂದಕ್ಕೆ ಖಾಲಿ ದೋಣಿ. ಸರಿಯಾಗಿದೆ. ಮಧ್ಯದಲ್ಲಿ ಎಲ್ಲೋ ಬಿದ್ದಿದಾನೆ.”

“ಎರಡೂ ಹತ್ತಕ್ಕೇ ಬಿದ್ದಿದ್ದ,” ಎಂದಳು ಲವ್‌ಡೇ.

“ಅದು ನಿಂಗೆ ಹೆಂಗೆ ಗೊತ್ತು?”

“ಆಗಲೂ ಅದೇ ಸುತ್ತು ಸುತ್ತುತಿತ್ತು. ಅದೇ ಜಾಗ.”

“ದೋಣೀಲಿ ಅವನು ಕಾಣಲಿಲ್ವಾ ಆಗ?”

“ದೋಣಿ ಕಾಣ್ತು. ನೀಲಿ ಬಣ್ಣ ಕಾಣ್ತು. ಕಂಡಿದ್ದೇ ತಡ ನನ್ನ ತಲೆ ಅದರೊಳಗೆ ಡೆನ್ಝಿಲ್‌ನ ಕೂರಿಸಿಬಿಡ್ತು. ಮಂಡಿ, ಚುಕ್ಕಾಣಿ, ಕೈಯಲ್ಲಿ ಚಹಾ ಲೋಟ, ಎಲ್ಲ ಸಮೇತ. ಅಪರಿಚಿತರ ದೋಣಿ ಆಗಿದ್ರೆ ಎರಡು ಸಲ ನೋಡ್ತಿದ್ದೆ.”

ಪಾಸ್ಕೊ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತ. ಒಳ್ಳೆಯ ಮನುಷ್ಯ ಅವನು. ಶಾಲೆಯಲ್ಲಿ ಅವಳಿಗಿಂತ ಎರಡು ತರಗತಿ ಕೆಳಗಿದ್ದವನು, ಈಗಲೂ ಅವಳೆದುರು ದನಿ ತಗ್ಗಿಸುತ್ತಾನೆ.

“ನೋಡು ಲವ್‌ಡೇ. ಇಬ್ಬರು ಇರಬೇಕಾದಲ್ಲಿ ನೀನೊಬ್ಬಳೇ ಇದ್ದೆ, ಅದು ನಿನ್ನ ತಪ್ಪಲ್ಲ, ನನ್ನ ದವಡೆ ತಪ್ಪು. ಅವನು ಬದುಕಿದ. ಬರೆದಿರೋದು ಸುಳ್ಳೇನಲ್ಲ, ನಿನಗೆ ಆಗ ಹಾಗೆ ಕಾಣ್ತು, ಹಾಗೆ ಬರೆದೆ. ಇದನ್ನ ಮೇಲಿನವರು ಓದ್ತಾರೆ. ನೀನೀಗ ಇನ್ನೊಂದು ಸಾಲು ಸೇರಿಸಿದ್ರೆ ಏನಾಗತ್ತೆ ಗೊತ್ತಲ್ಲ? ಮತ್ತೆ ಪರೀಕ್ಷೆ, ಕಣ್ಣು ತೋರಿಸು, ಮೂರು ತಿಂಗಳು ಮನೇಲಿ ಕೂರು. ನಿನ್ನ ವಯಸ್ಸಿಗೆ ಮನೇಲಿ ಕೂತ್ಕೋ ಅಂದವರು ವಾಪಸ್ ಕರೀತಾರಾ? ಬುಧವಾರ ಯಾರು ಕೂರ್ತಾರೆ?”

ಲವ್‌ಡೇ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು.

“ಇಲ್ಲಿರೋದು ನಾವು ಮೂರೇ ಜನ,” ಎಂದ ಪಾಸ್ಕೊ.

“ನಾಲ್ಕು,” ಎಂದಳು ಮೆರಿನ್ ಮೇಜಿನ ಕೆಳಗಿನಿಂದ.

ಪಾಸ್ಕೊ ನಗಲು ಹೋಗಿ ಕೆನ್ನೆ ಹಿಡಿದುಕೊಂಡ. ನಾಲ್ಕು ಗಂಟೆಯಾಗಿತ್ತು, ಪಾಳಿ ಬದಲಾಗುವ ಹೊತ್ತು. ಕೆಳಗಿನಿಂದ ಬರುವವರಿಗೆ ದಾರಿ ತೋರಿಸುತ್ತೇನೆಂದು ಹೊರಗೆ ಹೋದ. ದಾರಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಪಾಸ್ಕೊ ಹೇಳಿದ್ದು ತಪ್ಪೆಂದು ನನಗೆ ಅನಿಸಿರಲಿಲ್ಲ. ಬುಧವಾರವಿಲ್ಲದ ಲವ್‌ಡೇ ಎಂದರೆ ಏನೆಂದು ಯೋಚಿಸುತ್ತಿದ್ದೆ. ಮುಂದಿನ ಸಲ ಡೆನ್ಝಿಲ್ ಅಲ್ಲದೆ ಇನ್ನೊಬ್ಬರ ತಮ್ಮ ಆ ನೀರಿನಲ್ಲಿದ್ದರೆ ಎಂದೂ ಯೋಚಿಸುತ್ತಿದ್ದೆ. ಆ ಎರಡು ಯೋಚನೆಗಳು ಒಂದಕ್ಕೊಂದು ಹೊಂದಲಿಲ್ಲ. ಮೆರಿನ್‌ಳ ಬಣ್ಣದ ಕಡ್ಡಿಗಳನ್ನು ಡಬ್ಬಿಗೆ ಹಾಕಿದೆ.

ಆಗ ಲವ್‌ಡೇ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಪೆನ್ನನ್ನು ಅದರ ಮೇಲಿಟ್ಟಳು. ಕಿಟಕಿ ಬಿಟ್ಟು, ನೇರ ನನ್ನ ಮುಖ ನೋಡಿದಳು. ಅವಳ ಕಣ್ಣು ಬೂದುಬಣ್ಣದ್ದು ಎಂದು ನನಗೆ ತಿಳಿದದ್ದು ಆಗಲೇ.

“ಒಂದು ಉಪಕಾರ ಮಾಡು ಹುಡುಗಿ,” ಎಂದಳು. “ಎರಡೂ ಹತ್ತರ ಸಾಲಿನ ಮೇಲೆ ಗೆರೆ ಎಳೆದಿದೀನಿ, ಸಹೀನೂ ಹಾಕಿದೀನಿ. ಅಷ್ಟಕ್ಕೆ ಕೈ ಬಂತು. ಅದರ ಕೆಳಗೆ ನಿನ್ನ ಕೈಯಲ್ಲಿ ಬರಿ. ನಾನೇ ಬರೆದ್ರೆ ಕೊನೇ ಗಳಿಗೇಲಿ ಒಂದೆರಡು ಮೆತ್ತನೆ ಮಾತು ಸೇರಿಸಿಬಿಡ್ತೀನಿ, ನನ್ನ ಬುದ್ಧಿ ನಂಗೆ ಗೊತ್ತು. ನಾನು ಹೇಳಿದಷ್ಟೇ ಬರಿ, ಒಂದಕ್ಷರ ಮೆತ್ತಗೆ ಮಾಡಬೇಡ. ‘ದೋಣಿ ಕಂಡಿತು. ಅದರಲ್ಲಿ ಆಳಿದ್ದಾನೆಯೇ ಎಂದು ನೋಡಲಿಲ್ಲ.’ ಬರೀತೀಯಾ?”